ಜೇಬಿನ ಬೆಲ್ಲ, ಬೆಳವಣಿಗೆಯ ಹಾರ್ಮೋನು

ಮೂವತ್ತು ವರ್ಷಕ್ಕೂ ಮೇಲೆ ನಾನು ಜನರ ರಕ್ತ ಹೀರಿ ಬದುಕಿದವನು. ತಿಗಣೆಯಲ್ಲ, ರಾಜಕಾರಣಿಯೂ ಅಲ್ಲ, ಅರಸೀಕೆರೆಯ ಒಂದು ನರ್ಸಿಂಗ್ ಹೋಮಿನ ಲ್ಯಾಬ್ ಟೆಕ್ನಿಷಿಯನ್. ಈಗ ನಿವೃತ್ತ. ಹೊಸದಾಗಿ ಈ ಕೆಲಸಕ್ಕೆ ಸೇರುವ ಮಕ್ಕಳಿಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ನರ್ಸಿಂಗ್ ಹೋಮಿನವರು ಕೇಳಿದ್ದಾರೆ. ಬರೆಯಲು ಕೂತಾಗ ತಿಳಿಯಿತು, ನನ್ನ ಸಾಧನೆ ಅರ್ಧ ಪುಟಕ್ಕೆ ಮುಗಿಯುತ್ತದೆ, ಎಡವಟ್ಟುಗಳಿಗೆ ಮಾತ್ರ ಒಂದು ನೋಟ್‌ಬುಕ್ಕು ಸಾಲದು. ಹಾಗಾಗಿ ಎಡವಟ್ಟುಗಳನ್ನೇ ಬರೆಯುತ್ತಿದ್ದೇನೆ.

ಇವತ್ತು ನಮ್ಮ ಬೀದಿಯ ಜಿಮ್ ಹುಡುಗರು ಮೊಬೈಲ್ ಹಿಡಿದುಕೊಂಡು ಮನೆಗೇ ಬರುತ್ತಾರೆ. "ಅಂಕಲ್, ಗ್ರೋತ್ ಹಾರ್ಮೋನ್ ತಾನಾಗೇ ಬರೋ ಹಾಗೆ ಮಾಡೋ ಪೆಪ್ಟೈಡ್ ಅಂತೆ. ಆನ್‌ಲೈನಲ್ಲಿ ಸಿಗುತ್ತೆ. ತರಿಸ್ಕೊಳ್ಳೋದಾ?" ಎನ್ನುತ್ತಾರೆ. ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬೇಡಿ ಎಂದು ಹೇಳಿ ಕಳಿಸುತ್ತೇನೆ. ಈ ಅಂಕಲ್‌ಗೆ ಏನು ಗೊತ್ತು ಎಂಬಂತೆ ನೋಡಿ ಹೋಗುತ್ತಾರೆ. ಅಂಕಲ್‌ಗೆ ಗೊತ್ತಿದೆ. ಗೊತ್ತಾದ ಬಗೆ ಮಾತ್ರ ಹೇಳಿಕೊಳ್ಳುವಂಥದ್ದಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ನರ್ಸಿಂಗ್ ಹೋಮಿಗೆ ಮಕ್ಕಳ ಡಾಕ್ಟರಾಗಿ ವಿಮಲಾ ಅವರು ಬಂದರು. ಬೆಂಗಳೂರಿನಲ್ಲಿ ಮಕ್ಕಳ ಬೆಳವಣಿಗೆಯ ಬಗ್ಗೆಯೇ ವಿಶೇಷವಾಗಿ ಕಲಿತವರು. ಸ್ವತಃ ಕುಳ್ಳಗಿದ್ದರು, ಮೇಲಿನ ಶೆಲ್ಫಿನ ಫೈಲು ಬೇಕಾದರೆ ಸ್ಟೂಲು ಹತ್ತುತ್ತಿದ್ದರು. ಮೊದಲ ದಿನವೇ, "ನಗಬೇಕು ಅನ್ನಿಸಿದ್ರೆ ಈಗಲೇ ನಕ್ಕುಬಿಡಿ ಗಂಗಾಧರಯ್ಯನವರೇ, ನಾಳೆಯಿಂದ ಕೆಲಸ ಇದೆ" ಎಂದರು. ನಾನು ನಗಲಿಲ್ಲ. ಹೆದರಿ, ಸ್ಟೂಲನ್ನು ಒರೆಸಿ ಶೆಲ್ಫಿನ ಬಳಿ ಇಟ್ಟೆ.

ವಯಸ್ಸಿಗೆ ತಕ್ಕಂತೆ ಬೆಳೆಯದ ಮಕ್ಕಳನ್ನು ಹುಡುಕುವುದು ಅವರ ಕೆಲಸ. ಮೂರು ತಿಂಗಳಿಗೊಮ್ಮೆ ಎತ್ತರ ಅಳೆದು ಚಾರ್ಟಿನಲ್ಲಿ ಚುಕ್ಕಿ ಇಡುವುದು ನನ್ನ ಕೆಲಸ. ಚುಕ್ಕಿ ಇಡುವುದರಲ್ಲಿ ಏನು ಕಷ್ಟ ಎಂದುಕೊಂಡಿದ್ದೆ. ಹಳೇಬೀಡಿನ ಒಂದು ಶಾಲೆಯಲ್ಲಿ ಕ್ಯಾಂಪು. ಗೋಡೆಗೆ ಟೇಪು ಹೊಡೆದು ಮಕ್ಕಳನ್ನು ನಿಲ್ಲಿಸಿ ಮಧ್ಯಾಹ್ನದೊಳಗೆ ಎರಡು ತರಗತಿ ಮುಗಿಸಿದೆ. ಡಾಕ್ಟರಮ್ಮ ಪಟ್ಟಿ ನೋಡಿ, "ಇಡೀ ಶಾಲೆಯೇ ಕುಳ್ಳಾ?" ಎಂದು ಗಾಬರಿಯಾದರು. ಗೋಡೆಯ ಬುಡದಲ್ಲಿ ಸಿಮೆಂಟಿನ ಪಟ್ಟಿಯೊಂದು ಉಬ್ಬಿಕೊಂಡಿತ್ತು. ಅದು ಅಡ್ಡ ಬರುತ್ತದೆಂದು ನಾನು ಟೇಪನ್ನು ಅದರ ಮೇಲಿನಿಂದ ಶುರುಮಾಡಿದ್ದೆ. ಪ್ರತಿ ಮಗುವಿನ ಎತ್ತರದಲ್ಲೂ ನಾಲ್ಕು ಬೆರಳು ಕಳೆದುಹೋಗಿತ್ತು. ಹೆಡ್‌ಮಾಸ್ತರು ನಕ್ಕು, "ಬಸ್ತಿಹಳ್ಳಿ ಬಸದಿ ಒಳಗೆ ನಿಂತಿರೋ ಹದಿನೆಂಟಡಿ ಸ್ವಾಮೀನ ಕರ್ಕೊಂಡ್ ಬಂದ್ರೂ ನಿಮ್ಮ ಟೇಪಲ್ಲಿ ಗಿಡ್ಡ ಆಗೋಯ್ತಾನೆ ಬಿಡಿ" ಎಂದರು. ಊಟ ಬಿಟ್ಟು ಎಲ್ಲರನ್ನೂ ಮತ್ತೆ ಅಳೆದೆ.

ಇನ್ನು ಪೆಪ್ಟೈಡಿನ ವಿಷಯ. ಡಾಕ್ಟರಮ್ಮ ಬೆಂಗಳೂರಿನಿಂದ ಒಂದು ಡಬ್ಬಿ ತರಿಸಿದರು. ಒಳಗೆ ಹೆಬ್ಬೆರಳಿನಷ್ಟು ಗಾಜಿನ ಬಾಟಲಿಗಳು, ಅವುಗಳ ತಳದಲ್ಲಿ ಅಂಟಿದ ಚಿಟಿಕೆ ಬಿಳಿ ಪುಡಿ. ಅವರು ವಿವರಿಸಿದ್ದು ಹೀಗೆ. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆ. ಬೆಳವಣಿಗೆಯ ಹಾರ್ಮೋನು ಇರುವುದು ಅದರೊಳಗೆ. ಅದನ್ನು ಹೊರಗೆ ಬಿಡು ಎಂದು ಹೇಳಲು ಮೆದುಳು ಒಂದು ಪೆಪ್ಟೈಡನ್ನು ಕಳಿಸುತ್ತದೆ. ಈ ಪುಡಿ ಆ ಪೆಪ್ಟೈಡಿನ ನಕಲು. ಅದನ್ನು ಮಗುವಿಗೆ ಚುಚ್ಚಿ, ಹದಿನೈದು ನಿಮಿಷಕ್ಕೆ, ಅರ್ಧ ಗಂಟೆಗೆ, ಹೀಗೆ ಎರಡು ಗಂಟೆಯವರೆಗೆ ರಕ್ತ ತೆಗೆದು, ಹಾರ್ಮೋನು ಎಷ್ಟು ಏರಿತು ಎಂದು ನೋಡಬೇಕು. ಏರಿದರೆ ಗ್ರಂಥಿ ಚೆನ್ನಾಗಿದೆ. ಏರದಿದ್ದರೆ ಏನೋ ತೊಂದರೆ.

"ನಮ್ಮ ರೈಲ್ವೆ ಜಂಕ್ಷನ್ ನೋಡಿಲ್ವಾ? ಈ ಪುಡಿ ಸಿಗ್ನಲ್ಲು, ಹಾರ್ಮೋನು ಗಾಡಿ. ಸಿಗ್ನಲ್ ಕೊಟ್ರೆ ಗಾಡಿ ಹೊರಡುತ್ತಾ ಅಂತ ನೋಡೋದಷ್ಟೇ ನಮ್ಮ ಕೆಲಸ" ಎಂದರು. ನಾನು ತಲೆಯಾಡಿಸಿದೆ. ಹೊರಗೆ ಬಂದು ಬೇಲೂರಿನಿಂದ ಮಗನನ್ನು ಕರೆತಂದಿದ್ದ ತಾಯಿಗೆ, "ಎತ್ತರ ಬೆಳೆಯೋ ಇಂಜೆಕ್ಷನ್ ಬಂದಿದೆ ಕಣಮ್ಮ" ಎಂದೆ. ಆಯಮ್ಮ ಪರೀಕ್ಷೆ ಮಾಡಿಸಿಕೊಂಡು ಹೋಗಿ ಮಾರನೇ ಬೆಳಿಗ್ಗೆ ಬಾಗಿಲಿಗೆ ಮಗನನ್ನು ಒರಗಿಸಿ ಅಳೆದು, ಒಂದು ನೂಲೂ ಬೆಳೆದಿಲ್ಲವೆಂದು ಮೊದಲ ಬಸ್ಸಿಗೇ ಜಗಳಕ್ಕೆ ಬಂದಳು.

ಮೊದಲ ಬಾಟಲಿಯನ್ನು ಕಲಸಿದ್ದು ಇನ್ನೊಂದು ಕಥೆ. ನೀರನ್ನು ಗಾಜಿನ ಅಂಚಿನಲ್ಲಿ ಮೆಲ್ಲಗೆ ಇಳಿಸಿ ಅಂಗೈಗಳ ನಡುವೆ ಹೊರಳಿಸಬೇಕಿತ್ತು. ನಾನು ಕೆಮ್ಮಿನ ಔಷಧಿ ಕುಲುಕಿ ಅಭ್ಯಾಸವಾದವನು, ಗಡಗಡ ಕುಲುಕಿದೆ. ಫಿಲ್ಟರ್ ಕಾಫಿಯಂತೆ ನೊರೆ ಎದ್ದಿತು. "ಪೆಪ್ಟೈಡ್ ಹಾಳಾಯ್ತು, ಕುಡಿದುಬಿಡಿ" ಎಂದರು ಡಾಕ್ಟರಮ್ಮ. ನಾನು ನಿಜವೆಂದುಕೊಂಡು ಲೋಟ ತರಲು ಹೋದೆ.

ಆಮೇಲೆ ನಾನು ಭಾರೀ ಶಿಸ್ತಿನವನಾದೆ. ಯಾವ ಬಾಟಲಿ ಯಾವತ್ತು ಬಂತು, ಫ್ರಿಜ್ಜಿನಿಂದ ಎಷ್ಟು ಗಂಟೆಗೆ ತೆಗೆದೆ, ಎಷ್ಟನೇ ನಿಮಿಷಕ್ಕೆ ರಕ್ತ ತೆಗೆದೆ, ಬಸ್ ಸ್ಟ್ಯಾಂಡ್ ಹಿಂದಿನ ಐಸ್‌ಕ್ಯಾಂಡಿ ಅಂಗಡಿಯ ಐಸು ಎಷ್ಟು ಹಾಕಿದೆ, ರಕ್ತದ ಥರ್ಮಾಸ್ ಫ್ಲಾಸ್ಕು ಯಾವ ರೈಲಿಗೆ ಬೆಂಗಳೂರಿನ ಲ್ಯಾಬಿಗೆ ಹೋಯಿತು, ಎಲ್ಲವನ್ನೂ ದೊಡ್ಡ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದೆ. ಕೆಳಗೆ ಗೆರೆ, ಗೆರೆಯ ಕೆಳಗೆ ಸಹಿ. ಬಂದವರಿಗೆಲ್ಲ ಆ ರಿಜಿಸ್ಟರು ತೋರಿಸುತ್ತಿದ್ದೆ. ನಾನು ಮಾಡಿದ್ದೆಲ್ಲ ಅದರಲ್ಲಿತ್ತು, ಒಂದನ್ನು ಬಿಟ್ಟು.

ಪರೀಕ್ಷೆಗೆ ಮಕ್ಕಳು ಉಪವಾಸವಿರಬೇಕು. ಆದರೆ ಉಪವಾಸವೆಂದರೆ ನಮ್ಮ ಮನೆಗಳಲ್ಲಿ ಏನು? ನಮ್ಮಮ್ಮ ಪ್ರತಿ ಸೋಮವಾರ ಉಪವಾಸ ಮಾಡುತ್ತಿದ್ದಳು. ಅನ್ನ ಮುದ್ದೆ ಮುಟ್ಟುತ್ತಿರಲಿಲ್ಲ. ಬಾಳೆಹಣ್ಣು, ಕೊಬ್ಬರಿ, ಬೆಲ್ಲಕ್ಕೆ ಅಡ್ಡಿಯಿರಲಿಲ್ಲ. ಶಿವರಾತ್ರಿಯ ದಿನ ನಾವು ಮಕ್ಕಳು ಉಪವಾಸದ ಹೆಸರಿನಲ್ಲಿ ತಿಂದಷ್ಟು ಬೇರೆ ದಿನ ತಿನ್ನುತ್ತಿರಲಿಲ್ಲ. ಬೆಲ್ಲ ಊಟದ ಲೆಕ್ಕಕ್ಕೆ ಬರುತ್ತದೆಂದು ನನಗೆ ಯಾರೂ ಯಾವತ್ತೂ ಹೇಳಿರಲಿಲ್ಲ.

ಆ ಪೆಪ್ಟೈಡು ಚುಚ್ಚಿದ ಕೂಡಲೇ ಮಕ್ಕಳ ಮುಖ ಕೆಂಪೇರುತ್ತಿತ್ತು, ಬಾಯಿ ಒಂಥರಾ ಆಗುತ್ತಿತ್ತು. ಗಂಡಸಿ ಎಂಬ ಊರಿನ ಗಿರಿಜಾ ಎಂಬ ಹುಡುಗಿ ಅದನ್ನು ಸರಿಯಾಗಿ ಹೇಳಿದಳು. "ತಾಮ್ರದ ಚೊಂಬು ನೆಕ್ಕಿದಂಗೆ ಐತೆ ಮಾಮ." ಹನ್ನೊಂದು ವರ್ಷದವಳು, ನೋಡಲು ಏಳರವಳಂತೆ ಇದ್ದಳು. ಅವಳ ಅಪ್ಪ ರುದ್ರೇಶಪ್ಪ ತೆಂಗಿನ ತೋಟದವರು. ನನ್ನ ಊರೂ ಗಂಡಸಿಯೇ ಆದ್ದರಿಂದ ಗುರುತಿನವರು. ಕೈಗೆ ಸಿಕ್ಕಿಸಿದ ಸೂಜಿಯನ್ನು ಅಲ್ಲಾಡಿಸದೆ ಎರಡು ಗಂಟೆ ಕೂರಬೇಕಿತ್ತು. ಪಾಪ ಅನ್ನಿಸಿತು. ಜೇಬಿನಿಂದ ಒಂದು ಚೂರು ಬೆಲ್ಲ ತೆಗೆದು ಕೊಟ್ಟೆ. ಮತ್ತೆ ರಕ್ತ ತೆಗೆದಾಗ ಇನ್ನೊಂದು ಚೂರು. ಅವಳಿಗಿಂತ ಮೊದಲು ಬಂದ ಮೂರು ಮಕ್ಕಳಿಗೂ ಹಾಗೆಯೇ ಮಾಡಿದ್ದೆ. ನನ್ನ ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ಬೆಲ್ಲ ಇರುತ್ತಿತ್ತು.

ಗಿರಿಜಳ ಹಾರ್ಮೋನು ಏರಲೇ ಇಲ್ಲ. ಒಂದೇ ಪರೀಕ್ಷೆ ನಂಬಬಾರದೆಂದು ಡಾಕ್ಟರಮ್ಮ ಮಾತ್ರೆ ಕೊಟ್ಟು ಮಾಡುವ ಇನ್ನೊಂದು ಪರೀಕ್ಷೆ ಮಾಡಿಸಿದರು. ಆ ಮಾತ್ರೆಗೆ ಹುಡುಗಿ ಮಂಕಾಗಿ ತೂಕಡಿಸತೊಡಗಿದಳು. ತಲೆ ಸುತ್ತುತ್ತಿದೆ ಎಂದಳು. ನಾನು ಈ ಸಲ ದೊಡ್ಡ ಚೂರೇ ಕೊಟ್ಟೆ. ಹಾರ್ಮೋನು ಈ ಸಲವೂ ಏರಲಿಲ್ಲ.

ಎರಡು ಪರೀಕ್ಷೆ ಒಂದೇ ಮಾತು ಹೇಳಿದ ಮೇಲೆ ಇನ್ನೇನಿದೆ? ಡಾಕ್ಟರಮ್ಮ ರುದ್ರೇಶಪ್ಪನವರನ್ನು ಕೂರಿಸಿಕೊಂಡು, ಹಾರ್ಮೋನನ್ನೇ ದಿನಾ ಚುಚ್ಚಬೇಕು, ಹಲವು ವರ್ಷ ಬೇಕಾಗಬಹುದು ಎಂದರು. ದುಬಾರಿ ಔಷಧಿ. ಆತ ಅದರ ಮಾತೆತ್ತಲಿಲ್ಲ. "ದಿನಾನಾ ಮೇಡಂ? ಭಾನುವಾರಾನೂ?" ಎಂದಷ್ಟೇ ಕೇಳಿದರು. ಮಗಳು ಪಕ್ಕದಲ್ಲೇ ಕೂತಿದ್ದಳು. ಅವಳೇ, "ಆಗ್ಲಿ ಬಿಡಪ್ಪ, ನಾನು ಕೂತ್ಕತೀನಿ" ಎಂದಳು.

ರುದ್ರೇಶಪ್ಪನವರು ಚುಚ್ಚಲು ಕಲಿಯಹೋದರೆ ಪ್ರತಿ ಸಲವೂ ಸೂಜಿ ನೆಲಕ್ಕೆ ಬೀಳುತ್ತಿತ್ತು. ನಾನೇ ವೀರನಂತೆ ಮುಂದೆ ಬಂದೆ. ಹೇಗೂ ದಿನಾ ಸಂಜೆ ಬಸ್ಸಿಗೆ ಊರಿಗೆ ಬರುವವನು, ನಿಮ್ಮ ಮನೆಗೆ ಬಂದು ಚುಚ್ಚಿ ಹೋಗುತ್ತೇನೆ ಎಂದೆ. ಬಸ್ಸಿಳಿದು ಅವರ ಮನೆಗೆ ಹೋಗುವುದು, ಗಿರಿಜಾ ಜಗಲಿಯಲ್ಲಿ ಕೂತು ತೋಳು ಚಾಚುವುದು, ನಾನು ಚುಚ್ಚುವುದು, ಅವಳ ಅಜ್ಜಿ ಕಾಫಿ ತರುವುದು. ಬೀದಿಯಲ್ಲಿ ನನ್ನನ್ನು ಡಾಕ್ಟರಂತೆ ನೋಡತೊಡಗಿದರು. ನಾನೂ ನಡಿಗೆಯನ್ನು ಸ್ವಲ್ಪ ನಿಧಾನ ಮಾಡಿದೆ.

ಹೀಗೆ ತಿಂಗಳಾಗುತ್ತಾ ಬಂತು. ಒಂದು ಮಧ್ಯಾಹ್ನ ನರ್ಸುಗಳಿಗೂ ನನಗೂ ಡಾಕ್ಟರಮ್ಮ ಪಾಠ ಮಾಡುತ್ತಿದ್ದರು. ಬೋರ್ಡಿನ ಮೇಲೆ ಗ್ರಂಥಿ ಬರೆದು, ಬಿಡು ಎನ್ನುವ ಪೆಪ್ಟೈಡಿಗೆ ಒಂದು ಬಾಣ, ಬೇಡ ನಿಲ್ಲು ಎನ್ನುವ ಇನ್ನೊಂದು ಪೆಪ್ಟೈಡಿಗೆ ಒಂದು ಬಾಣ ಹಾಕಿದರು. "ರಕ್ತದಲ್ಲಿ ಸಕ್ಕರೆ ಏರಿದ್ರೆ ಈ ನಿಲ್ಲು ಅನ್ನೋದರ ಕೈ ಮೇಲಾಗುತ್ತೆ. ಆಗ ನಾವು ಎಷ್ಟು ಸಿಗ್ನಲ್ ಕೊಟ್ರೂ ಹಾರ್ಮೋನು ಸರಿಯಾಗಿ ಬರಲ್ಲ. ಅದಕ್ಕೇ ಮಕ್ಕಳನ್ನ ಖಾಲಿ ಹೊಟ್ಟೇಲಿ ಕೂರಿಸೋದು" ಎಂದರು.

ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಬೆಲ್ಲದ ಪೊಟ್ಟಣ ಬೆರಳಿಗೆ ಅಂಟಿತು. "ಬೆಲ್ಲಾನೂ ಸಕ್ಕರೇನಾ ಮೇಡಂ?" ಎಂದು ಕೇಳಿದೆ. ನರ್ಸುಗಳು ಗೊಳ್ಳೆಂದು ನಕ್ಕರು. ಡಾಕ್ಟರಮ್ಮನೂ ನಕ್ಕರು. ನಾನೂ ಜೊತೆಗೆ ನಕ್ಕೆ.

ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಕೆಲಸ ಹೋಗುತ್ತದೆ ಎಂಬ ಭಯ ಒಂದು. ಅದಕ್ಕಿಂತ ದೊಡ್ಡದು, ಆ ರಿಜಿಸ್ಟರಿನ ಜಂಬ. ಗೆರೆ ಎಳೆದು ಸಹಿ ಹಾಕುವ ಗಂಗಾಧರಯ್ಯ ಹೀಗೆ ಮಾಡಿದ ಎಂದು ಜನ ಆಡಿಕೊಳ್ಳುತ್ತಾರಲ್ಲ! ಅಡ್ಡದಾರಿ ಹುಡುಕಿದೆ. "ಯಾಕೋ ಆ ಐಸಿನ ಮೇಲೆ ನನಗೆ ಅನುಮಾನ ಮೇಡಂ, ಗಿರಿಜಂಗೆ ಇನ್ನೊಂದ್ಸಲ ಪರೀಕ್ಷೆ ಮಾಡೋಣ" ಎಂದೆ. ಐಸ್‌ಕ್ಯಾಂಡಿ ಅಂಗಡಿಯವನು ಜೀವಮಾನದಲ್ಲಿ ನನಗೆ ಯಾವ ಅನ್ಯಾಯವನ್ನೂ ಮಾಡಿದವನಲ್ಲ. ಡಾಕ್ಟರಮ್ಮ ರಿಜಿಸ್ಟರು ತೆಗೆದು ನೋಡಿ, "ಇಷ್ಟು ಚೆನ್ನಾಗಿ ಬರೆದಿದ್ದೀರಲ್ಲ, ಐಸು ಸರಿಯಾಗೇ ಇತ್ತು. ನಿಮ್ಮ ಅನುಮಾನಕ್ಕೆ ಮಗೂನ ಮತ್ತೆ ಚುಚ್ಚೋಕಾಗಲ್ಲ" ಎಂದರು. ನನ್ನ ಅಂದದ ಕೈಬರಹವೇ ನನಗೆ ಮುಳುವಾಯಿತು.

ಸಂಜೆಯಾದರೆ ಮತ್ತೆ ಬಸ್ಸು, ಮತ್ತೆ ಜಗಲಿ, ಮತ್ತೆ ತೋಳು. ನಾಳೆ ಹೇಳುತ್ತೇನೆ ಎಂದುಕೊಂಡು ಚುಚ್ಚುತ್ತಿದ್ದೆ. ಔಷಧಿ ಬಿಟ್ಟು ಬರೀ ನೀರು ಚುಚ್ಚಿದರೆ ಹೇಗೆ ಎಂದೂ ಒಂದು ದಿನ ಯೋಚಿಸಿದೆ. ಆ ಯೋಚನೆ ಬಂದಾಗ ಬಸ್ಸಿನಲ್ಲಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಬಾಯಿ ಬಿಡಲಿಲ್ಲ. ಹೀಗೆ ಹನ್ನೊಂದು ಸಂಜೆ ಕಳೆದವು.

ಹನ್ನೊಂದನೆಯ ಸಂಜೆ ಅಜ್ಜಿ ಕಾಫಿ ಕೊಡುತ್ತಾ, "ನಿನ್ನ ಕೈಗುಣ ಕಣಪ್ಪ ಗಂಗಣ್ಣ, ಮಗು ವಸಿ ಉದ್ದ ಆದಂಗೆ ಕಾಣ್ತದೆ" ಎಂದರು. ಗಿರಿಜಾ ಎಡಗೈ ಚಾಚಿದಳು. ಹಿಂದಿನ ದಿನ ಚುಚ್ಚಿದ್ದೂ ಅದೇ ಕೈಗೆ, ಅಲ್ಲಿ ನೀಲಿಗಟ್ಟಿತ್ತು. ಬಲಗೈ ಕೊಡವ್ವ ಎಂದೆ. "ಬ್ಯಾಡ ಮಾಮ, ನಾಳೆ ಇಸ್ಕೂಲಲ್ಲಿ ಪರೀಕ್ಷೆ ಐತೆ. ಬಲಗೈ ನೊಂದ್ರೆ ಬರೆಯಕ್ಕಾಗಲ್ಲ. ನೀವು ಅದ್ರ ಪಕ್ಕದಲ್ಲೇ ಚುಚ್ಚಿ, ನಾನು ತಡ್ಕತೀನಿ" ಎಂದಳು. ಚುಚ್ಚಿದೆ. ತಡೆದುಕೊಂಡಳು. ಕಾಫಿ ಕುಡಿಯಲಾಗಲಿಲ್ಲ, ಲೋಟ ಇಟ್ಟು ಬಂದುಬಿಟ್ಟೆ.

ಮಾರನೇ ಬೆಳಿಗ್ಗೆ ಡಾಕ್ಟರಮ್ಮನ ಮೇಜಿನ ಮೇಲೆ ಬೆಲ್ಲದ ಪೊಟ್ಟಣ ಇಟ್ಟೆ. ಯಾರದೋ ಮನೆಯ ಪ್ರಸಾದ ಎಂದುಕೊಂಡು ಅವರು ಒಂದು ಚೂರು ಬಾಯಿಗೆ ಹಾಕಿಕೊಂಡರು. ನಾನು ಹೇಳುತ್ತಾ ಹೋದಂತೆ ಅವರ ಬಾಯಿ ಅಗಿಯುವುದನ್ನು ನಿಲ್ಲಿಸಿತು.

"ಎರಡು ಪರೀಕ್ಷೆಯಲ್ಲೂ ಕೊಟ್ರಾ?"

"ಎರಡರಲ್ಲೂ ಕೊಟ್ಟೆ ಮೇಡಂ."

"ಇದು ತಪ್ಪು ಅಂತ ಯಾವಾಗ ಗೊತ್ತಾಯ್ತು?"

"ಅವತ್ತು ಪಾಠದಲ್ಲಿ. ಹನ್ನೊಂದು ದಿನ ಆಯ್ತು."

ಅವರು ಬಾಯಲ್ಲಿದ್ದ ಬೆಲ್ಲವನ್ನು ಕಾಗದಕ್ಕೆ ಉಗಿದು ಬುಟ್ಟಿಗೆ ಹಾಕಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿಯಿರುತ್ತಿತ್ತು. "ಬೆಲ್ಲ ಕೊಡಬಾರದು ಅಂತ ನಾನು ನಿಮಗೆ ಬಿಡಿಸಿ ಹೇಳಿರಲಿಲ್ಲ. ಅದರಲ್ಲಿ ನನ್ನ ಪಾಲೂ ಇದೆ. ಈ ಹನ್ನೊಂದು ದಿನ ಮಾತ್ರ ಪೂರ್ತಿ ನಿಮ್ಮದು" ಎಂದರು. ಆಮೇಲೆ ರಿಜಿಸ್ಟರು ತರಿಸಿ, ನಾಲ್ಕೂ ಮಕ್ಕಳ ಪುಟದಲ್ಲಿ 'ಪರೀಕ್ಷೆಯ ನಡುವೆ ನಾನು ಬೆಲ್ಲ ಕೊಟ್ಟಿದ್ದೇನೆ' ಎಂದು ನನ್ನ ಕೈಯಿಂದಲೇ ಬರೆಸಿದರು. ಗೆರೆ ಎಳೆದು ಸಹಿ ಮಾಡಿಸಿದರು. ನಾಲ್ಕೂ ಮಕ್ಕಳಿಗೆ ಹೊಸದಾಗಿ ಪರೀಕ್ಷೆಯಾಗಬೇಕು, ಗಿರಿಜಳ ಇಂಜೆಕ್ಷನ್ ಇವತ್ತೇ ನಿಲ್ಲಬೇಕು ಎಂದರು. ರುದ್ರೇಶಪ್ಪನವರಿಗೆ ಫೋನು ಮಾಡಲು ನಾನು ಎದ್ದೆ. "ಫೋನ್ ಬೇಡ. ನೀವೇ ಹೋಗಿ, ಎದುರಿಗೆ ನಿಂತು ಹೇಳಿ" ಎಂದರು.

ಆ ಹೊಸ ಪರೀಕ್ಷೆಯ ಫಲ ಇಲ್ಲೇ ಹೇಳಿಬಿಡುತ್ತೇನೆ. ಡಾಕ್ಟರಮ್ಮ ತಾವೇ ಪಕ್ಕದಲ್ಲಿ ಕೂತು ಮಾಡಿದರು, ನನಗೆ ಗಡಿಯಾರ ಹಿಡಿಯುವ ಕೆಲಸ ಕೊಟ್ಟರು. ಗಿರಿಜಳ ಹಾರ್ಮೋನು ಚೆನ್ನಾಗಿಯೇ ಏರಿತು. ಅವಳ ತಾಯಿಯೂ ತಡವಾಗಿ ಬೆಳೆದವರಂತೆ, ಇವಳದೂ ಅದೇ ಬಗೆ. ಹೈಸ್ಕೂಲು ಮುಗಿಸುವಷ್ಟರಲ್ಲಿ ನನ್ನ ಕಿವಿಯ ಮಟ್ಟಕ್ಕೆ ಬಂದಿದ್ದಳು. ಈಗ ಎಲ್ಲ ಬದಲಾಗಿದೆ, ಲ್ಯಾಬಿಗೆ ಮಿಷನ್ನು ಬಂದಿದೆ, ಸ್ಯಾಂಪಲ್ಲಿಗೆ ಬಾರ್‌ಕೋಡು ಬಂದಿದೆ, ಫ್ಲಾಸ್ಕು ಹೊತ್ತು ರೈಲಿಗೆ ಓಡುವವರಿಲ್ಲ. ಮಗುವಿಗೆ ನೀವು ಏನು ಕೊಟ್ಟಿರಿ ಎಂದು ಯಾವ ಮಿಷನ್ನೂ ಕೇಳುವುದಿಲ್ಲ. ನೀವೇ ಹೇಳಬೇಕು.

ಅವತ್ತು ಸಂಜೆ ಗಂಡಸಿಯಲ್ಲಿ ಬಸ್ಸಿಳಿದಾಗ ಕೈಚೀಲದಲ್ಲಿ ಸೂಜಿ ಇರಲಿಲ್ಲ. ರುದ್ರೇಶಪ್ಪ, ಅಜ್ಜಿ ಇಬ್ಬರೂ ಜಗಲಿಯಲ್ಲಿದ್ದರು. ನಿಂತುಕೊಂಡೇ ಹೇಳಿದೆ. ಬೆಲ್ಲದ ವಿಷಯ ಹೇಳಿದೆ, ಹನ್ನೊಂದು ದಿನದ ವಿಷಯವನ್ನೂ ಹೇಳಿದೆ. ರುದ್ರೇಶಪ್ಪ ಎದ್ದು ನನ್ನ ಹತ್ತಿರ ಬಂದರು. ಹೊಡೆಯುತ್ತಾರೆಂದುಕೊಂಡೆ, ಹೊಡೆಯಲಿ ಎಂದೂ ಅಂದುಕೊಂಡೆ. ಅವರು ನನ್ನನ್ನು ದಾಟಿ ತೋಟದ ಕಡೆ ಹೊರಟುಹೋದರು. ಅಜ್ಜಿ ಒಳಗೆ ಹೋದವರು ಕಾಫಿ ತರಲಿಲ್ಲ.

ಅಷ್ಟರಲ್ಲಿ ಗಿರಿಜಾ ಕೈಕಾಲು ತೊಳೆದುಕೊಂಡು ಹಿತ್ತಿಲಿನಿಂದ ಬಂದಳು. ನನ್ನನ್ನು ನೋಡಿ ದಿನದಂತೆ ಕಂಬಕ್ಕೊರಗಿ ಕೂತು, ತೋಳು ಮೇಲೇರಿಸಿ, ಕಣ್ಣು ಮುಚ್ಚಿದಳು.

"ಇವತ್ತು ಸೂಜಿ ಇಲ್ಲ ಕಣವ್ವ" ಎಂದೆ. "ನಾಳೆನೂ ಇಲ್ಲ. ನಿಂಗೆ ಅದು ಬೇಕಾಗಿತ್ತೋ ಇಲ್ವೋ ಅನ್ನೋದೇ ಗೊತ್ತಿಲ್ಲ. ನಾನು ಬೆಲ್ಲ ಕೊಟ್ಟು ಪರೀಕ್ಷೆ ಕೆಡಿಸಿದ್ದೆ. ಹನ್ನೊಂದು ದಿನದ ಹಿಂದೇನೇ ನಂಗೆ ಗೊತ್ತಾಗಿತ್ತು."

ಅವಳು ಕಣ್ಣು ಬಿಟ್ಟಳು. ಕುಣಿಯುತ್ತಾಳೆ ಎಂದುಕೊಂಡಿದ್ದೆ. ಕುಣಿಯಲಿಲ್ಲ. ನೀಲಿಗಟ್ಟಿದ ತೋಳನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು.

"ನೆನ್ನೆ ಗೊತ್ತಿದ್ದೂ ಚುಚ್ಚಿದ್ರಾ ಮಾಮ?"

"ಹೂಂ ಕಣವ್ವ" ಎಂದೆ.

ಅವಳು ಮೆಲ್ಲಗೆ ತೋಳಿನ ಬಟ್ಟೆ ಕೆಳಗಿಳಿಸಿಕೊಂಡು, ಎದ್ದು ಒಳಗೆ ಹೋದಳು.